ಗೌರಿ ನರಳಿದ್ದು

ತಂತಿಯ ಒಂದು ತುದಿ ಮೀನಿನ ಗಾಳದ ಹಾಗೆ ಬಾಗಿತ್ತು. ಇನ್ನೊಂದು ತುದಿ ಹಸುವಿನ ಹೃದಯದ ಸುತ್ತಲಿನ ಪೊರೆಯೊಳಗೆ ಇಳಿದಿತ್ತು. ನನ್ನ ಕಿರುಬೆರಳಿನಷ್ಟು ಉದ್ದ.

ಸತ್ತ ದೇಹದಿಂದ ದನಿ ಬಂತೆಂದು ಯಾರಾದರೂ ಹೇಳಿದರೆ, ಅದು ಶ್ವಾಸಕೋಶದಲ್ಲಿ ಉಳಿದ ಗಾಳಿ ಎಂದು ವಿವರಿಸಿ ಸುಮ್ಮನಾಗುತ್ತಿದ್ದೆ. ಪಶುವೈದ್ಯೆಯಾದ ನನಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ. ಎರಡು ವರ್ಷದ ಹಿಂದಿನ ಆ ಸಂಜೆಯನ್ನು ಮಾತ್ರ ಹಾಗೆ ವಿವರಿಸಲು ಇವತ್ತಿಗೂ ಆಗಿಲ್ಲ.

ಚಾಕಣದ ಕಾರ್ಖಾನೆಗಳ ಹಿಂದೆ ತಗಡಿನ ಮನೆಗಳ ಸಾಲೊಂದಿದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಶಾಂತವ್ವನ ಸಂಸಾರ ಅಲ್ಲಿ ಗೌರಿ ಎಂಬ ಹಸುವನ್ನೂ ಅದರ ಕರು, ಇನ್ನೂ ಈಯದ ಮಣಕವನ್ನೂ ಸಾಕಿತ್ತು. ಗೌರಿ ಸತ್ತಿತೆಂದು ಫೋನ್ ಬಂದಾಗ, ಬೆಳಕಿರುವಾಗಲೇ ಕೊಯ್ದು ನೋಡಬೇಕೆಂದು ಹೊರಟೆ. ಅಂಟುರೋಗವಾಗಿದ್ದರೆ ಮಣಕವೂ ಉಳಿಯುತ್ತಿರಲಿಲ್ಲ. ಹಿಂದಿನ ದಿನ ಶಾಂತವ್ವ ಮದುವೆಮನೆಯಲ್ಲಿ ಉಳಿದ ಅನ್ನ ಹಾಕಿದ್ದಳಂತೆ. ಅನ್ನ ಹಾಕಿಯೇ ಕೊಂದಳೆಂದು ಅವಳ ಅತ್ತೆ ನಾನು ಹೋದಾಗಿನಿಂದ ಹೇಳುತ್ತಲೇ ಇದ್ದಳು.

ನಾನು ಹೇಳದೆ ಇದ್ದದ್ದು ಬೇರೆ. ಅದಕ್ಕೂ ಹತ್ತು ದಿನದ ಹಿಂದೆ ಗೌರಿ ಮೇವು ಬಿಟ್ಟಿದೆಯೆಂದು ನನ್ನನ್ನೇ ಕರೆಸಿದ್ದರು. ಹೊಟ್ಟೆಯೊಳಗೆ ಏನಾದರೂ ಚುಚ್ಚಿಕೊಂಡಿದ್ದರೆ, ಹೆಗಲ ಹಿಂದೆ ಬೆನ್ನು ಹಿಂಡಿದಾಗ ಹಸು ನರಳುತ್ತದೆ. ನಾನು ಒಮ್ಮೆ ಹಿಂಡಿದೆ. ಪಕ್ಕದ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು, ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಹಿಂಡದೆ, ಅಜೀರ್ಣಕ್ಕೆ ಪುಡಿ ಕೊಟ್ಟು ಬಂದೆ.

ಈಗ ತಂತಿಯನ್ನು ಎತ್ತಿ ತೋರಿಸಿ, ಸತ್ತದ್ದು ಅನ್ನದಿಂದಲ್ಲ, ಮೇವಿನ ಜೊತೆ ಹೊಟ್ಟೆಗೆ ಹೋಗಿ ಹೃದಯಕ್ಕೆ ಚುಚ್ಚಿದ ಇದರಿಂದ ಎಂದೆ. ಅತ್ತೆ ಬಿಡಲಿಲ್ಲ.

"ಹಂಗಾದ್ರ ತಂತಿ ಇರೋ ಹುಲ್ಲು ಕೊಯ್ಕೊಂಡು ಬಂದಾಕಿ ಯಾರ?"

ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮಾತಾಡಬೇಕಿತ್ತು. ಆಡಲಿಲ್ಲ. ಮೇಲೇಳಲು ಗೌರಿಯ ಬೆನ್ನಿನ ಮೇಲೆ ಕೈ ಊರಿದೆ, ಹೆಗಲ ಹಿಂದೆ.

ಆಗ ನರಳಿಕೆ ಕೇಳಿಸಿತು. ಸಣ್ಣದು, ತಡೆದು ತಡೆದು ಬಂದದ್ದು. ಹತ್ತು ದಿನದ ಹಿಂದೆ ನನಗೆ ಕೇಳಿಸಬೇಕಿದ್ದ ಅದೇ ದನಿ. ಗೌರಿಯ ಶ್ವಾಸಕೋಶ ಎರಡು ಮಾರು ಆಚೆ ಪ್ಲಾಸ್ಟಿಕ್ ಹಾಳೆಯ ಮೇಲಿತ್ತು. ಮಣಕವನ್ನು ಮಧ್ಯಾಹ್ನವೇ ದೂರ ಒಯ್ದು ಕಟ್ಟಿದ್ದರು.

ಅತ್ತೆಗೆ ಏನೂ ಕೇಳಿಸಿದಂತಿರಲಿಲ್ಲ. ಶಾಂತವ್ವ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬಾಯಾರ, ಅಲ್ಲಿ ಒತ್ತಬ್ಯಾಡ್ರಿ. ಅಕೀಗಿ ನೋಯ್ತದ."

ಕೈ ತೆಗೆದೆ. ಅವಳಿಗೂ ಕೇಳಿಸಿತೋ, ಇಲ್ಲ ಸುಮ್ಮನೆ ಮರುಕದಿಂದ ಅಂದಳೋ, ಕೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಖಡಕಿಯಲ್ಲಿರುವ ನನ್ನ ಮನೆಯಿಂದ ಮೊದಲ ಬಸ್ಸಿಗೇ ಹೊರಟೆ. ಹತ್ತು ದಿನದ ಹಿಂದೆಯೇ ನಾನು ಗುರುತಿಸಬೇಕಿತ್ತು, ತಪ್ಪು ನನ್ನದು ಎಂದು ಅತ್ತೆಯ ಎದುರಿಗೇ ಶಾಂತವ್ವನಿಗೆ ಹೇಳಿದೆ. ಆಮೇಲೆ ಮಣಕದ ಬೆನ್ನು ಹಿಂಡಿದೆ. ಲಾರಿ ದಾಟಿಹೋಗುವವರೆಗೆ ಕಾದು, ಮತ್ತೊಮ್ಮೆ ಹಿಂಡಿದೆ.