ಗಾಡಿತಾಯಿಯ ಕೆಂಪು ಸೋಡಾ

ಆ ದಿನ ಬೆಳಿಗ್ಗೆ ಸಮ್ಲಿ ಲಾರಿಯ ಒಳಗೆಲ್ಲ ತೊಳೆದಳು. ಬಕೆಟ್ಟಿನಲ್ಲಿ ಸೋಪಿನ ನೀರು, ಕೈಯಲ್ಲಿ ಗಂಡನ ಹರಿದ ಬನಿಯನ್. ಸೀಟು ತೊಳೆದಳು, ಸ್ಟಿಯರಿಂಗು ಒರೆಸಿದಳು. ಕೊನೆಗೆ ಕತ್ತೆತ್ತಿದರೆ ಡ್ರೈವರ್ ತಲೆಯ ಮೇಲೆ, ಚಾವಣಿಯ ತಗಡಿನಲ್ಲಿ, ಒಂಬತ್ತು ಬಿಳಿ ಚುಕ್ಕೆ. ಕೋಳಿ ಇಷ್ಟು ಮೇಲಕ್ಕೆ ಹೇಗೆ ಹೇತಿತು ಎಂದು ಒಂದು ಗಳಿಗೆ ಯೋಚಿಸಿದಳು. ಉಜ್ಜಿದರೆ ಹೋಗಲಿಲ್ಲ. ಅಡುಗೆ ಮನೆಯಿಂದ ಚಮಚ ತಂದು ಕೆರೆದಳು. ಎರಡು ನಿಮಿಷದ ಕೆಲಸ.

ಅದು ಗಂಡ ಥವಿನನ ಹಳೆಯ ಲಾರಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಅದರಲ್ಲಿ ದಾನ್ ಚಾಂಗ್ ಊರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಸಮ್ಲಿಯನ್ನು ನೋಡಲು ಬಂದದ್ದೂ ಅದರಲ್ಲೇ. ಬ್ರೇಕು ತಡವಾಗಿ ಹಿಡಿದು ಅವಳಪ್ಪನ ಎರಡು ಬಾಳೆಗಿಡ ಬೀಳಿಸಿದ್ದ. ಅಪ್ಪ ಮೊದಲು ಬಾಳೆಗಿಡ ನೋಡಿದ, ಆಮೇಲೆ ಹುಡುಗನನ್ನು ನೋಡಿದ, ಆಮೇಲೆ ಒಪ್ಪಿದ. ಯಾಕೆ ಒಪ್ಪಿದ ಎಂದು ಸಮ್ಲಿಗೆ ಇವತ್ತಿಗೂ ಗೊತ್ತಿಲ್ಲ.

ನಲವತ್ತು ವರ್ಷವಾದ ಮೇಲೆ, ಕೈಬಿಟ್ಟು ಹೋಗಿದ್ದ ಅದೇ ಲಾರಿ ಕುವಾಂಗನ ಗುಜರಿ ಅಂಗಳದಲ್ಲಿ ಕಣ್ಣಿಗೆ ಬಿತ್ತು. ಎಂಜಿನ್ನಿನಲ್ಲಿ ಹಾವಿನ ಪೊರೆ, ಸೀಟಿನ ಮೇಲೆ ಕಾವಿಗೆ ಕೂತ ಕೋಳಿ. ಥವಿನ್ ಮನೆಯ ನೀರಿನ ಪಂಪು ಕೊಟ್ಟು ಲಾರಿ ಎಳೆಸಿಕೊಂಡು ಬಂದ.

“ಪಂಪು ನೀರಾದ್ರೂ ಕೊಡ್ತಿತ್ತು. ಇದೇನ್ ಕೊಡತ್ತೆ?” ಎಂದಳು ಸಮ್ಲಿ.

“ಮೊಟ್ಟೆ ಕೊಡತ್ತೆ,” ಎಂದು ಅವನು ಕಿಸೆಯಿಂದ ಎರಡು ತೆಗೆದು ಅವಳ ಕೈಗಿಟ್ಟ.

ರಿಪೇರಿಯ ವಿಡಿಯೊ ಮಾಡಿ ಹಾಕಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರೋ. ಮೊದಲು ಹದಿನಾಲ್ಕು ಜನ ನೋಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಹನ್ನೊಂದು ಸಾವಿರವಾಯಿತು. ಸಮ್ಲಿ ಅವರನ್ನು ‘ಫೋನಿನ ಮಂದಿ’ ಎನ್ನುತ್ತಿದ್ದಳು. ಅವರು ಇವರನ್ನು ದೊಡ್ಡಪ್ಪ, ದೊಡ್ಡಮ್ಮ ಎನ್ನುತ್ತಿದ್ದರು. ಯಾರೋ ಲಂಪಾಂಗಿನಿಂದ ಹಾರನ್ ಕಳಿಸಿದರು, ಯಾರೋ ಸೈಡ್ ಕನ್ನಡಿ ಕಳಿಸಿದರು. ಒಬ್ಬ ಪುಣ್ಯಾತ್ಮ ದೊಡ್ಡಪ್ಪನ ಮಂಡಿನೋವಿಗೆ ಎಣ್ಣೆ ಕಳಿಸಿದ. ಅದನ್ನು ಥವಿನ್ ಬಾಗಿಲ ಕೀಲಿಗೆ ಹಚ್ಚಿದ.

ಫೋನು ಹಿಡಿಯುವುದು ಸಮ್ಲಿಯ ಕೆಲಸವಾಗಿತ್ತು. ಅವಳು ಹಿಡಿದರೆ ಅರ್ಧ ಪರದೆಯಲ್ಲಿ ಲಾರಿ, ಅರ್ಧದಲ್ಲಿ ಅವಳ ಹೆಬ್ಬೆರಳು. ‘ದೊಡ್ಡಮ್ಮನ ಬೆರಳು ಆರೋಗ್ಯವಾಗಿದೆ’ ಎಂದು ಮಂದಿ ಬರೆಯುವರು. ಕೊನೆಗೆ ಥವಿನ್ ಕೆಟ್ಟ ಫ್ಯಾನಿನ ಕಂಬಕ್ಕೆ ಫೋನು ಕಟ್ಟಿಕೊಟ್ಟ. ಲೈವ್ ಶುರುಮಾಡುವುದು ಅವಳಿಗೆ ಬಂತು. ನಿಲ್ಲಿಸುವುದು ಬರಲಿಲ್ಲ. ಮಾತು ಮುಗಿದಾಗ ಎದ್ದು ಒಳಗೆ ಹೋಗಿಬಿಡುವಳು. ಬ್ಯಾಟರಿ ಸಾಯುವ ತನಕ ಮಂದಿ ಅಂಗಳದ ಕೋಳಿ ನೋಡುತ್ತಾ ಕೂತಿರುವರು.

ಆ ದಿನ ನಾಲ್ಕು ಗಂಟೆಗೆ ಲೈವ್ ಇತ್ತು. ಮಾರನೆಯ ದಿನ ಎಂಜಿನ್ ಶುರುಮಾಡುವುದೆಂದು ಥವಿನ್ ಸಾರಿದ್ದ. ಅದಕ್ಕೆ ಮುಂಚೆ ಒಳಗೆಲ್ಲ ತೋರಿಸಬೇಕು. ಡ್ರೈವರ್ ಸೀಟಿಗೆ ಹತ್ತಿ ಕೂತ. ಆ ಬಾಗಿಲಿಗೆ ಒಳಗಿನ ಹಿಡಿ ಇರಲಿಲ್ಲ, ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ. ಒಮ್ಮೆ ಮುಚ್ಚಿಕೊಂಡರೆ ಹೊರಗಿನವರೇ ತೆಗೆಯಬೇಕು. ಪಕ್ಕದ ಬಾಗಿಲನ್ನು ಹಗ್ಗ ಹಾಕಿ ಬಿಗಿದಿದ್ದ. ದಿನಕ್ಕೆ ಹತ್ತು ಸಲ “ಸಮ್ಲೀ, ಬಾಗ್ಲು!” ಎಂದು ಕೂಗುವನು. ದಿನಕ್ಕೆ ಹತ್ತು ಸಲ ಅವಳು ಬೈಯುತ್ತಾ ಬಂದು ತೆಗೆಯುವಳು.

ಮಂದಿ ಬರೆದದ್ದನ್ನು ಸಮ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು. ಅವತ್ತು ಮೊದಲು ಬರೆದವಳು ರುಂಗ್. ಅನಾನಸು ಹೊರುವ ಹತ್ತು ಚಕ್ರದ ಲಾರಿ ಓಡಿಸುವ ಹೆಂಗಸು. ಯಾವಾಗಲೂ ಅವಳದೇ ಮೊದಲು.

“ದೊಡ್ಡಪ್ಪ… ಚಾವಣಿ… ಮೇಲಿದ್ದ… ಚುಕ್ಕೆ… ಎಲ್ಲಿ?”

ಆಮೇಲೆ ಒಂದರ ಮೇಲೊಂದು ಬಂದವು. ಭಿಕ್ಷುಗಳು ಇಟ್ಟ ಒಂಬತ್ತು ಚುಕ್ಕೆ ಎಲ್ಲಿ? ಯಾರು ಅಳಿಸಿದ್ದು? ಅಯ್ಯೋ ದೊಡ್ಡಮ್ಮ!

ಸಮ್ಲಿಗೆ ಆಗ ಹೊಳೆಯಿತು. ಹೊಸ ಗಾಡಿ ಬಂದರೆ ಭಿಕ್ಷುಗಳು ಡ್ರೈವರ್ ತಲೆಯ ಮೇಲೆ ಮಂತ್ರಿಸಿದ ಸುಣ್ಣದಲ್ಲಿ ಚುಕ್ಕೆ ಇಡುತ್ತಾರೆ. ಅದು ಕಾವಲು. ಗಾಡಿಯೊಳಗೆ ಇರುವ ತಾಯಿ ಮೇ ಯಾ ನಾಂಗ್ ಆ ಚುಕ್ಕೆ ನೋಡಿಕೊಂಡೇ ಡ್ರೈವರನನ್ನು ಕಾಯುವುದು. ಅದನ್ನು ಇವಳು ಕೋಳಿ ಹೇಲೆಂದು ಚಮಚದಲ್ಲಿ ಕೆರೆದಿದ್ದಳು.

“ನಾನೇ,” ಎಂದಳು. “ಬೆಳಿಗ್ಗೆ ನಾನೇ ಕೆರೆದೆ.”

ಥವಿನ್ ಚಾವಣಿ ನೋಡಿದ. ಮುಖ ಗಂಭೀರವಾಯಿತು. ಅವನ ಮುಖ ಗಂಭೀರವಾಗಿದ್ದನ್ನು ಸಮ್ಲಿ ನೋಡಿದ್ದು ಎರಡೋ ಮೂರೋ ಸಲ.

“ಗಾಡಿತಾಯಿಗೆ ಸಿಟ್ಟು ಬಂದಿರತ್ತೆ.”

“ಏನ್ ಮಾಡೋದೀಗ?”

“ವಿಹಾರದ ಭಂತೇನ ಕರೆಸಿ ಚುಕ್ಕೆ ಇಡಿಸೋಣ. ಆದ್ರೆ ಅದಕ್ಕೆ ಮುಂಚೆ ತಾಯಿನ ಸಮಾಧಾನ ಮಾಡ್ಬೇಕು. ತಾಯಿಗಿಷ್ಟದ ಕೆಂಪು ಸೋಡಾ ಇಡು. ದೊಡ್ಡ ಸೀಸೆ. ತಣ್ಣಗಿರೋದು.”

“ಒಂದು ಸೀಸೆ ಸಾಕಾ?”

“ದಿನಾ ಒಂದು. ನೂರು ದಿನ.” ಸ್ವಲ್ಪ ಯೋಚಿಸಿ ಸೇರಿಸಿದ: “ಕುಡಿಯೋ ಕೊಳವೆ ಮರೀಬೇಡ.”

ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಡಿಗೆ ಓಡಿದಳು. ಕೆಂಪು ಸೋಡಾ ತಂದು ಸ್ಟಿಯರಿಂಗಿನ ಮುಂದೆ ಇಟ್ಟಳು. ಕೊಳವೆ ಹಾಕಿದಳು. ಊದುಬತ್ತಿ ಹಚ್ಚಿ, “ತಾಯೀ, ನನಗೆ ಗೊತ್ತಿರಲಿಲ್ಲ. ಸಿಟ್ಟು ನನ್ನ ಮೇಲಿರಲಿ, ಇವನ ಮೇಲೆ ಬೇಡ,” ಎಂದು ಕೈಮುಗಿದಳು. ಎದ್ದು ಅನ್ನಕ್ಕಿಡಲು ಒಳಗೆ ಹೋದಳು.

ಅನ್ನ ಬೇಯುವ ಮೊದಲೇ “ಸಮ್ಲೀ, ಬಾಗ್ಲು!” ಎಂಬ ಕೂಗು ಬಂತು. ಹೋಗಿ ತೆಗೆದಳು. ಸೀಸೆ ಅರ್ಧಕ್ಕಿಳಿದಿತ್ತು.

“ನೋಡೇ, ತಾಯಿ ಕುಡಿದಿದ್ದಾಳೆ!” ಎಂದ ಅವನು.

ಸಮ್ಲಿಗೆ ಅಳುವೇ ಬಂತು. ಸೆರಗಿನಷ್ಟಗಲದ ಭುಜದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ನೋಡಿದರೆ ಅವನ ತುಟಿ ಕೆಂಪಗಿತ್ತು.

“ಬಾಯಿಗೇನಾಯ್ತು?”

“ತುಕ್ಕಿಗೆ ಹಚ್ಚೋ ಬಣ್ಣ ಮೆತ್ತಿಕೊಂಡಿದೆ.”

“ಬಣ್ಣ ಬಾಯಲ್ಲಿ ಹಚ್ತೀಯಾ ಮುದುಕ?”

“ಕೈ ನೋಯ್ತಿತ್ತು,” ಎಂದು ಅವನು ಇಳಿದು ಹೋದ.

ಮಾರನೆಯ ಬೆಳಿಗ್ಗೆ ಅವಳು ಎರಡನೆಯ ಸೀಸೆ ತರಲು ಹೋದಳು. ಬರುವಷ್ಟರಲ್ಲಿ ಥವಿನ್ ಲಾರಿಯ ನೆರಳಿನ ಜೋಲಿಯಲ್ಲಿ ಮಲಗಿದ್ದ. ಒಂದು ಕಾಲು ಹೊರಗೆ ಚಾಚಿತ್ತು. ಬೈಯಲೆಂದು ಹತ್ತಿರ ಹೋದಳು. ಸೀಸೆ ಅವಳ ಕೈಯಲ್ಲೇ ಇತ್ತು, ಅವನಿಗೆ ಉಸಿರಿರಲಿಲ್ಲ.

ಹೃದಯ ಸೋತಿತ್ತು, ಬಹಳ ದಿನದಿಂದ ಸೋಲುತ್ತಾ ಬಂದಿತ್ತು ಎಂದರು ಡಾಕ್ಟರು. ಸಮ್ಲಿ ತಲೆಯಾಡಿಸಿದಳು. ಅವಳಿಗೆ ಕಾರಣ ಗೊತ್ತಿತ್ತು. ಚಮಚ, ಬಕೆಟ್ಟು, ಎರಡು ನಿಮಿಷ.

ಅವನನ್ನು ಸುಟ್ಟು ಬಂದ ಮೇಲೆ, ಲಾರಿ ಒರೆಸಿದ ಆ ಬನಿಯನ್ನನ್ನು ಅವಳು ಒಗೆಯಲಿಲ್ಲ, ಎಸೆಯಲೂ ಇಲ್ಲ. ಬಕೆಟ್ಟಿನಲ್ಲೇ ಒಣಗಿ ಸೆಟೆದುಕೊಂಡಿತು. ಫೋನು ಫ್ಯಾನಿನ ಕಂಬದಲ್ಲೇ ಸತ್ತು ನೇತಾಡಿತು. ಬೆಳಿಗ್ಗೆ ಕಣ್ಣು ಬಿಟ್ಟರೆ ಲಾರಿ. ಬಾವಿಗೆ ಹೋದರೆ ಲಾರಿ. ಅದರ ಎರಡು ದೀಪ ‘ನೀನೇ’ ಎಂದು ನೋಡುತ್ತಿದ್ದವು. ಸತ್ತ ನೂರನೆಯ ದಿನ ಮಾಡುವ ಪುಣ್ಯಕಾರ್ಯಕ್ಕೆ ಮುಂಚೆ ಅದು ಅಂಗಳ ಬಿಟ್ಟು ಹೋಗಬೇಕು ಎಂದು ತೀರ್ಮಾನಿಸಿದಳು. ಕುವಾಂಗನಿಗೆ ಹೇಳಿ ಕಳಿಸಿದಳು.

“ಮುರಿದು ಮಾರಿಕೋ. ನನಗೆ ಏನೂ ಕೊಡಬೇಡ.”

ಕುವಾಂಗ್ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ. “ಯಾಕಕ್ಕಾ? ಇನ್ನೇನು ಓಡೋ ಗಾಡಿ.”

“ಕಾವಲು ಕೆರೆದವಳು ನಾನು. ಈ ಗಾಡಿ ನೋಡ್ಕೊಂಡು ನಾನು ಬದುಕಕ್ಕಾಗಲ್ಲ.”

ಕುವಾಂಗ್ ನಾಡಿದ್ದು ಕ್ರೇನು ತರುತ್ತೇನೆ ಎಂದು ಹೇಳಿ ಬೇಗ ಬೇಗ ಹೋದ.

ಕ್ರೇನು ಬಂದ ದಿನ ಅದರ ಹಿಂದೆಯೇ ಇನ್ನೊಂದು ಲಾರಿ ಬಂತು. ಹತ್ತು ಚಕ್ರದ್ದು, ಬಾಗಿಲ ತುಂಬ ಬಣ್ಣದ ನವಿಲು. ಅದರಿಂದ ಗಂಡಸರ ಚಡ್ಡಿ ಹಾಕಿದ ದಪ್ಪನೆಯ ಹೆಂಗಸು ಹಾರಿ ಇಳಿದಳು. ನೇರವಾಗಿ ಬಂದು ಸಮ್ಲಿಯ ಬಲಗೈ ಎತ್ತಿ ಹೆಬ್ಬೆರಳು ನೋಡಿದಳು.

“ಇದೇ! ಎಲ್ಲಿದ್ರೂ ಗುರುತು ಹಿಡೀತೀನಿ. ದೊಡ್ಡಮ್ಮ, ನಾನು ರುಂಗ್.”

“ಅನಾನಸಿನವಳಾ? ಇಷ್ಟು ದಪ್ಪ ಅಂತ ಬರೆದಿರಲಿಲ್ವಲ್ಲ.”

“ಅಕ್ಷರದಲ್ಲಿ ಸಣ್ಣಗೇ ಕಾಣ್ತೀನಿ,” ಎಂದಳು ರುಂಗ್. ಆಮೇಲೆ ದನಿ ಇಳಿಸಿದಳು. “ಗಾಡಿ ಕೊಡಬೇಡಿ ದೊಡ್ಡಮ್ಮ. ನಾವು ಇನ್ನೂರ ಹನ್ನೊಂದು ಜನ ದೊಡ್ಡಪ್ಪಂಗೆ ಒಂದು ಮಾತು ಕೊಟ್ಟಿದ್ವಿ. ಗಾಡಿತಾಯಿ ಆಣೆ ಹಾಕಿಸಿಕೊಂಡಿದ್ರು. ಇವತ್ತು ಮುರೀತೀವಿ.”

ತನ್ನ ಫೋನು ತೆಗೆದು ಸಮ್ಲಿಯ ಮುಂದೆ ಹಿಡಿದಳು. ಆ ಕೊನೆಯ ಲೈವನ್ನು ಅವಳು ಉಳಿಸಿಟ್ಟುಕೊಂಡಿದ್ದಳು.

ಪರದೆಯಲ್ಲಿ ಸಮ್ಲಿ ಕೈಮುಗಿದು ಎದ್ದು ಒಳಗೆ ಹೋದಳು. ಅಂಗಳದಲ್ಲಿ ಒಂದು ಕೋಳಿ. ಆಮೇಲೆ ಥವಿನ್ ಬಂದ. ಕಳ್ಳನ ಹಾಗೆ ಅಡುಗೆ ಮನೆ ಕಡೆ ನೋಡಿದ. ಲಾರಿ ಹತ್ತಿದ. ಸೀಸೆಗೆ ಕೈಮುಗಿದ. ಕೊಳವೆಗೆ ಬಾಯಿಟ್ಟು ಕಣ್ಣು ಮುಚ್ಚಿ ಎಳೆದ. ಆಗ ಅವನ ಕಣ್ಣು ಫೋನಿನ ಮೇಲೆ ಬಿತ್ತು.

“ಅಯ್ಯಯ್ಯೋ. ಇನ್ನೂ ಇದ್ದೀರಾ?”

ಅವನ ದನಿ. ತೊಂಬತ್ತು ದಿನದ ಮೇಲೆ. ಸಮ್ಲಿ ಅಲ್ಲೇ ನೆಲಕ್ಕೆ ಕೂತಳು.

“ಹೇಳಬೇಡ್ರಪ್ಪಾ ಅವಳಿಗೆ. ಆ ಚುಕ್ಕೆ ಭಂತೇ ಇಟ್ಟಿದ್ದಲ್ಲ. ನೀರಿನ ಹಬ್ಬಕ್ಕೆ ಅವಳು ತಂಗಿ ಮನೆಗೆ ಹೋಗಿದ್ದಾಗ ಚಾವಣಿ ತಗಡೇ ಬದಲಾಯಿಸಿದೆ. ತಗಡಿನ ತೂತು ಮುಚ್ಚೋ ಹೊಸ ಮೆತ್ತುಪುಡಿ ಎಷ್ಟು ಹೊತ್ತಿಗೆ ಒಣಗತ್ತೆ ನೋಡೋಣ ಅಂತ ಒಂಬತ್ತು ಕಡೆ ಮೆತ್ತಿದ್ದೆ, ಅಷ್ಟೇ. ಸಕ್ಕರೆ ಕಾಯಿಲೆ ಅಂತ ಮೂರು ವರ್ಷದಿಂದ ಒಂದು ತೊಟ್ಟು ಸಿಹಿ ಕೊಟ್ಟಿಲ್ಲ ಈ ಮುದುಕಿ. ನೂರು ದಿನ ಅಂದಿದ್ದೀನಿ. ಹತ್ತು ದಿನ ಆದ್ಮೇಲೆ ನಾನೇ ಹೇಳ್ತೀನಿ. ಬೈಸಿಕೊಳ್ತೀನಿ. ನಾನೇ ಹೇಳೋ ತನಕ ಬಾಯಿ ಬಿಡಲ್ಲ ಅಂತ ಆಣೆ ಮಾಡಿ. ಒಪ್ಪಿಗೆಗೆ ಸಾಧು ಅಂತ ಬರೀರಿ ಎಲ್ಲರೂ!”

ಪರದೆಯ ಮೇಲೆ ಸಾಧು, ಸಾಧು, ಸಾಧು ಎಂದು ಓಡಿತು. ಅವನು ಇನ್ನೊಂದು ಗುಟುಕು ಎಳೆದ. ಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಅವನು ಗಾಜಿನ ಹಿಂದಿನಿಂದ ಪಿಳಿಪಿಳಿ ನೋಡಿದ. ತುಟಿ ಒರೆಸಿಕೊಂಡ, ಸರಿಯಾಗಿ ಒರೆಸಿಕೊಳ್ಳಲಿಲ್ಲ. ಆಮೇಲೆ ಕೂಗಿದ: “ಸಮ್ಲೀ, ಬಾಗ್ಲು!”

ಅಲ್ಲಿಗೆ ರುಂಗ್ ನಿಲ್ಲಿಸಿದಳು.



“ಕಳ್ಳ,” ಎಂದಳು ಸಮ್ಲಿ. “ನನ್ನ ಕೈಲೇ ತರಿಸಿ, ನನ್ನ ಕೈಲೇ ಕೈಮುಗಿಸಿ… ಕಳ್ಳ ಮುದುಕ.” ಮತ್ತೆ ಮುಖ ಸಣ್ಣದಾಯಿತು. “ಆ ಸೋಡಾನೇ ಕೊಂದಿತೇನೋ.”

“ಅರ್ಧ ಸೀಸೆ ಸೋಡಾಗೆ ಯಾರೂ ಸಾಯಲ್ಲ. ಡಾಕ್ಟರು ಹೇಳಿದ್ದು ಕಿವಿಗೆ ಬಿತ್ತೋ ಇಲ್ವೋ?” ಎಂದಳು ರುಂಗ್.

“ಬಿತ್ತು. ನಂಬಿರಲಿಲ್ಲ.”

ಹಿಂದಿನಿಂದ ಕುವಾಂಗ್ ಕೆಮ್ಮಿದ. “ಅಕ್ಕಾ, ನಾನೂ ಸಾಧು ಬರೆದಿದ್ದೆ.”

ಸಮ್ಲಿ ತಿರುಗಿದಳು. “ನಿನಗೂ ಗೊತ್ತಿತ್ತಾ? ಗೊತ್ತಿದ್ದೂ ಕ್ರೇನು ತಂದೆಯಾ?”

“ಆಣೆ ಇತ್ತಲ್ಲ! ಗಾಡಿನ ನಾನು ಮುರೀತಿರಲಿಲ್ಲ. ನನ್ನ ಅಂಗಳದ ನೆರಳಲ್ಲಿ ಇಟ್ಕೋತಿದ್ದೆ. ಅದಕ್ಕೇ ಇವಳಿಗೆ ಬರೆದೆ, ನಿನ್ನ ಬಾಯಿ ದೊಡ್ಡದು, ಆಣೆ ನೀನೇ ಮುರಿ ಅಂತ.”

“ಗಂಡಸರು!” ಎಂದಳು ರುಂಗ್. ತನ್ನ ಲಾರಿಯ ಹಿಂದಿನ ಹಲಗೆ ಇಳಿಸಿದಳು. ಅನಾನಸಿನ ಪಕ್ಕದಲ್ಲಿ ಕೆಂಪು ಸೋಡಾದ ಪೆಟ್ಟಿಗೆಗಳು. ತಾಯಿಯ ಆಣೆ ಮುರಿದ ಮೇಲೆ ತಪ್ಪು ಕಾಣಿಕೆ ಇಡಬೇಕಲ್ಲ. ಇನ್ನೂರ ಹನ್ನೊಂದು ಜನರೂ ಒಂದೊಂದು ಸೀಸೆ ಕಳಿಸಿದ್ದರು. ಪ್ರತಿ ಸೀಸೆಯ ಕುತ್ತಿಗೆಗೆ ಹೆಸರಿನ ಚೀಟಿ ಕಟ್ಟಿತ್ತು.

“ಇಷ್ಟನ್ನೂ ಒಂದೇ ದಿನ ಇಟ್ಟರೆ ತಾಯಿಗೂ ಸಕ್ಕರೆ ಕಾಯಿಲೆ ಬರತ್ತೆ,” ಎಂದಳು ಸಮ್ಲಿ.

ಅಂದೇ ರುಂಗ್ ಎಂಜಿನ್ನಿಗೆ ಕೈಹಾಕಿದಳು. ಕುವಾಂಗ್ ಕ್ರೇನಿನ ಬ್ಯಾಟರಿ ಕಳಚಿಕೊಟ್ಟ. ಸಮ್ಲಿ ಫೋನಿಗೆ ಜೀವ ಕೊಟ್ಟು ಲೈವ್ ಶುರುಮಾಡಿದಳು. ಕೈಯಲ್ಲೇ ಹಿಡಿದಿದ್ದಳು. ಮೂರನೆಯ ಸಲಕ್ಕೆ ಲಾರಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಡುಗಿ ನಿಂತಿತು, ಮತ್ತೆ ಹಿಡಿಯಿತು. ಅಂಗಳದ ಕೋಳಿಯೆಲ್ಲ ಬೇಲಿ ಹಾರಿದವು. ನೋಡಿದವರಿಗೆ ಕಂಡದ್ದು ಅರ್ಧ ಲಾರಿ, ಅರ್ಧ ಹೆಬ್ಬೆರಳು. ಯಾರೂ ದೂರಲಿಲ್ಲ.

ಸೋಡಾ ಸೀಸೆಗಳು ಮುಗಿದು ಬಹಳ ದಿನವಾಯಿತು. ಈಗ ಸಮ್ಲಿ ಅಂಗಡಿಯಿಂದಲೇ ತರುತ್ತಾಳೆ. ಫೋನಿನ ಮಂದಿ ಬಾಗಿಲಿಗೆ ಹೊಸ ಹಿಡಿ ಕಳಿಸಿದ್ದಾರೆ. ಅದು ಪೊಟ್ಟಣದಲ್ಲೇ ಇದೆ. ಬೆಳಿಗ್ಗೆ ಎದ್ದು ಮುಖ ತೊಳೆದು, ಹೊರಗಿನಿಂದ ಲಾರಿಯ ಬಾಗಿಲು ತೆಗೆಯುತ್ತಾಳೆ. ಸೀಸೆ ಇಟ್ಟು ಎರಡು ಕೊಳವೆ ಹಾಕುತ್ತಾಳೆ. ಬಾಗಿಲು ಮುಚ್ಚಿ ಅನ್ನಕ್ಕಿಡುತ್ತಾಳೆ. ಅನ್ನ ಬೆಂದ ಮೇಲೆ ಹೋಗಿ ಮತ್ತೆ ತೆಗೆಯುತ್ತಾಳೆ.