ಗಿಳಿಯ ಕಾಲಡಿಯ ಕೆಂಪು

ಇವತ್ತು ಬೆಳಿಗ್ಗೆ ಕುಂಚದ ತುದಿಯಿಂದ ಒಂದು ಕೆಂಪು ಹನಿ ಜಾರಿ, ನಾನು ಬರೆಯುತ್ತಿದ್ದ ಗಿಳಿಯ ಕಾಲ ಬಳಿ ಬಿತ್ತು. ಕೈ ತಾನಾಗಿಯೇ ಸೆರಗಿನ ತುದಿ ಹಿಡಿದು ಒರೆಸಲು ಹೊರಟಿತು. ಅರ್ಧದಲ್ಲೇ ತಡೆದೆ. ನೆಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಗಂಜಿ ಹಾಕಿದ ಸೀರೆಗೆ ಇಸ್ತ್ರಿ ಮಾಡುವ ಮುಂಚೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಹನಿ ಮೆಲ್ಲಗೆ ಹರಡುತ್ತಿತ್ತು. ನಾನು ಕುಂಚ ಕೆಳಗಿಟ್ಟು ಸುಮ್ಮನೆ ನೋಡುತ್ತಾ ಕೂತೆ.

ಹೀಗೆ ಸುಮ್ಮನೆ ಕೂರುವುದನ್ನು ನಾನು ಕಲಿತದ್ದು ಹೋದ ತಿಂಗಳು. ಅದಕ್ಕೆ ಮೊದಲು ಹೇಗಿದ್ದೆ ಅಂತ ಹೇಳಿದರೆ ನೀವು ನಗುತ್ತೀರಿ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಗೆರೆ ಗೆರೆಯಂತಿರಬೇಕು, ಮೂಲೆ ಮೂಲೆಯಂತಿರಬೇಕು. ಬಣ್ಣದ ಪೆಟ್ಟಿಗೆ ಕೊಳ್ಳಲು ಹೋದ ದಿನ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿಯೇ ಆಗಿಬಿಡಬೇಕೆ! "ಮೊಮ್ಮಗೂಗಾ ಮೇಡಂ?" ಅಂದ. "ಹೂಂ" ಅಂದೆ. ನನಗಿನ್ನೂ ಮೊಮ್ಮಕ್ಕಳಿಲ್ಲ. ಹುಟ್ಟದ ಮೊಮ್ಮಗುವಿನ ಹೆಸರಿನಲ್ಲಿ ಹನ್ನೆರಡು ಬಣ್ಣ, ಮೂರು ಕುಂಚ, ಒಂದು ಕಟ್ಟು ದಪ್ಪ ಕಾಗದ ಚೀಲಕ್ಕೆ ಹಾಕಿಕೊಂಡು, ಕದ್ದವಳ ಹಾಗೆ ಮನೆ ಸೇರಿದೆ.

ನಮ್ಮ ಯಜಮಾನರಿಗೆ ಎಣ್ಣೆ ಮಿಲ್ಲು. ಊಟಕ್ಕೆ ಬಂದರೆ ಅವರ ಜೊತೆಗೆ ಕಡ್ಲೆಕಾಯಿ ಹಿಂಡಿಯ ವಾಸನೆಯೂ ಒಳಗೆ ಬರುತ್ತದೆ. ನನ್ನ ಮೊದಲ ಚಿತ್ರವನ್ನು ಅವರು ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡಿದರು. ಕುದಾಪುರದ ಕಡೆಯ ಹುಲ್ಲುಗಾವಲು ಬರೆದಿದ್ದೆ. "ಏನೇ ಇದು, ಅಂಚಾ ಸೆರಗಾ?" ಅಂದರು. ನಾನು ಮೊದಲು ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಚೌಕ ಹಾಕಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಬಣ್ಣ ತುಂಬಿದ್ದೆ. ಆಕಾಶಕ್ಕೂ ಚೌಕ, ಹುಲ್ಲಿಗೂ ಚೌಕ. ನೀರಿನ ಬಣ್ಣ ಅಂದರೆ ಹರಿಯಬೇಕು, ಒಂದಕ್ಕೊಂದು ಬೆರೆಯಬೇಕು ಅಂತ ಫೋನಿನಲ್ಲಿ ಯಾರ್ಯಾರೋ ಪಾಠ ಹೇಳುತ್ತಾರೆ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ನಾನು ನೋಡಿ ಕಲಿತದ್ದು ತಾತನನ್ನು.

ತಾತ ಅಂದರೆ ಅವ್ವನ ಅಪ್ಪ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿಗೆ ಡಿಸೈನ್ ಬರೆಯುತ್ತಿದ್ದ. ಬೀದಿಯುದ್ದಕ್ಕೂ ಮಗ್ಗದ ಸದ್ದು. ನಮ್ಮ ತಾತನ ಮನೆಯಲ್ಲಿ ಮಾತ್ರ ಕುಂಚವನ್ನು ನೀರಿನ ಬಟ್ಟಲಿಗೆ ಅದ್ದುವ ಸದ್ದು. ಕಿಟಕಿಯ ಕೆಳಗೆ ಇಳಿಜಾರಾದ ಒಂದು ಮಣೆ, ಅದರ ಮೇಲೆ ಗ್ರಾಫ್ ಹಾಳೆ, ಪಕ್ಕದಲ್ಲಿ ತೆಂಗಿನ ಚಿಪ್ಪುಗಳಲ್ಲಿ ಬಣ್ಣ. ಹಾಳೆಯ ಒಂದೊಂದು ಚೌಕವನ್ನೂ ತಾತ 'ಮನೆ' ಅನ್ನುತ್ತಿದ್ದ. ಯಾವ ಮನೆಗೆ ಯಾವ ಬಣ್ಣವೋ, ಮಗ್ಗದಲ್ಲಿ ಆ ಜಾಗಕ್ಕೆ ಆ ಬಣ್ಣದ ಎಳೆ. ನೇಯುವವರು ಹಾಳೆ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಆಮೇಲೆ ಮಗ್ಗ ಆ ಕಾರ್ಡು ಹೇಳಿದ ಹಾಗೆ ಕೇಳುತ್ತಿತ್ತು. "ಬಣ್ಣ ತನ್ನ ಮನೆ ದಾಟಬಾರ್ದು ಮಗಾ. ಇಲ್ಲಿ ಒಂದು ಮನೆ ದಾಟಿದ್ರೆ ಅಲ್ಲಿ ಸೀರೆ ಪೂರ್ತಿ ತಪ್ತೈತೆ" ಅನ್ನುತ್ತಿದ್ದ.

ಕುಂಚದ ತುದಿ ಚೂಪಾಗಲಿ ಅಂತ ಅದನ್ನು ನಾಲಿಗೆಗೆ ತಾಗಿಸುವ ಕೆಟ್ಟ ಚಾಳಿ ಅವನಿಗೆ. ಅಜ್ಜಿ ಊಟಕ್ಕೆ ಕರೆಯಲು ಬಂದವಳು, "ಎಲ್ಲಿ ನಾಲಿಗೆ ತೋರಿಸ್ರಿ. ಓ, ಇವತ್ತು ಬದನೆಕಾಯಿ ಬಣ್ಣದ ಸೀರೆ" ಅಂತ ಅಣಕಿಸುತ್ತಿದ್ದಳು. ತಾತ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದ.

ಬೇಸಿಗೆ ರಜೆ ಪೂರ್ತಿ ನಾನು ಆ ಮಣೆಯ ಪಕ್ಕ. ತಾತನಿಗೆ ನನ್ನ ಪರೀಕ್ಷೆ ಮಾಡುವ ಖಯಾಲಿ. ಒಂದು ಚಿಪ್ಪು ಮುಂದೆ ಹಿಡಿದು, "ಇದ್ಯಾವ ಬಣ್ಣ ಹೇಳು ನೋಡಾಣ?" ಅನ್ನುತ್ತಿದ್ದ.

"ಹಸಿರು."

"ಯಾವ ಹಸಿರು?"

"ಗಿಳಿ ಹಸಿರು."

"ಶಭಾಶ್!" ಅಂತ ಆ ಚಿಪ್ಪಿಗೇ ಕುಂಚ ಅದ್ದುತ್ತಿದ್ದ. ದಿನಕ್ಕೆ ಇಪ್ಪತ್ತು ಸಲವಾದರೂ ಈ ಪರೀಕ್ಷೆ. ಒಂದು ಸಲವೂ ನಾನು ನಪಾಸಾಗಲಿಲ್ಲ. ಶಾಲೆಯಲ್ಲಿ ಗೆಳತಿಯರ ಮುಂದೆ, ನಮ್ಮ ತಾತ ನನಗೆ ಬಣ್ಣದ ಪಾಠ ಹೇಳಿಕೊಡ್ತಾನೆ ಅಂತ ಜಂಬ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ನನಗೆ ಹತ್ತು ವರ್ಷವಿದ್ದಾಗಿನ ರಜೆಯಲ್ಲಿ ತಾತ ಒಂದು ಸೆರಗಿಗೆ ಗಿಳಿ ಬರೆಯುತ್ತಿದ್ದ. ಒಂದು ಮಧ್ಯಾಹ್ನ ಯಾರೋ ಬಾಗಿಲಲ್ಲಿ ಕರೆದರೆಂದು ಎದ್ದು ಹೋದ. ಕೊಕ್ಕಿಗೆ ಕೆಂಪು ತುಂಬುವುದು ಬಾಕಿ ಇತ್ತು. ನಾನೇ ತುಂಬಿ ಬೆರಗುಗೊಳಿಸೋಣ ಅಂತ ಕುಂಚ ಎತ್ತಿದೆ. ಕೊಕ್ಕಿನವರೆಗೆ ಹೋಗುವ ಮೊದಲೇ ಹನಿ ಜಾರಿತು, ಗಿಳಿಯ ಕಾಲ ಬಳಿ. ಲಂಗದ ಅಂಚಿನಿಂದ ಒತ್ತಿದೆ. ಒಂದು ಮನೆಯದು ಮೂರು ಮನೆಗೆ ಹರಡಿತು. ಊದಿ ಊದಿ ಒಣಗಿಸಿ, ಕುಂಚವನ್ನು ಇದ್ದಲ್ಲೇ ಇಟ್ಟು, ಏನೂ ಅರಿಯದವಳಂತೆ ಕೂತೆ. ತಾತ ಬಂದು ಕೊಕ್ಕು ಮುಗಿಸಿದ. ಕಾಲಿನ ಕಡೆ ನೋಡಲೇ ಇಲ್ಲ. ಸಾಯಂಕಾಲ ಪಕ್ಕದ ಬೀದಿಯ ನೇಕಾರ ಓಬಳಪ್ಪ ಮಾಮ ಬಂದು ಹಾಳೆ ಒಯ್ದ. ಮಾರನೆಯ ದಿನ ನಾನು ಚಳ್ಳಕೆರೆಯ ಬಸ್ಸು ಹತ್ತಿದೆ.

ದಸರಾ ರಜೆಗೆ ಹೋದಾಗ ಅಜ್ಜಿ ಆ ಸೀರೆ ಉಟ್ಟಿದ್ದಳು. ಸೆರಗಿನಲ್ಲಿ ಅದೇ ಹಾಳೆಯಿಂದ ನೇಯ್ದ ಏಳು ಗಿಳಿ, ಏಳರ ಕಾಲಡಿಯಲ್ಲೂ ಮೂರು ಮೂರು ಕೆಂಪು ಚುಕ್ಕೆ. "ಇದೇನ್ರಿ, ಗಿಳಿ ಕಾಲಿಗೆ ಗಾಯ ಆದಂಗೈತೆ?" ಅಂತ ಅಜ್ಜಿ ನನ್ನೆದುರಿಗೇ ಕೇಳಿದಳು. "ಹಣ್ಣು ಕಣೇ. ತಿಂದು ಉದುರಿಸೈತೆ" ಅಂದ ತಾತ. ಆದರೆ ಕಿಟಕಿಯ ಕೆಳಗೆ ಮಣೆ ಇರಲಿಲ್ಲ. ಅಟ್ಟಕ್ಕೇರಿತ್ತು. ಯಾಕೆ ತಾತ ಅಂದರೆ, "ಸಾಕು ಬಿಡು ಮಗಾ, ಕಣ್ಣು ಮೋಸ ಮಾಡ್ತಾವೆ" ಅಂದ. ಅವನು ಮತ್ತೆ ಕುಂಚ ಹಿಡಿಯಲಿಲ್ಲ.

ಹತ್ತು ವರ್ಷದ ಹುಡುಗಿಗೆ ಲೆಕ್ಕ ಕೂಡಿಸುವುದು ಎಷ್ಟು ಹೊತ್ತಿನ ಕೆಲಸ? ಆ ಕೆಂಪು ತನ್ನ ಕೈಯ ತಪ್ಪೆಂದು ತಾತ ತಿಳಿದ, ಅದಕ್ಕೇ ಬಿಟ್ಟ, ಬಿಡಿಸಿದವಳು ನಾನು. ಹೇಳಬೇಕು ಅಂತ ಎಷ್ಟೋ ರಜೆಗಳಲ್ಲಿ ಬಾಯಿ ತೆರೆದೆ, ಮುಚ್ಚಿದೆ. ನಾನು ಪಿಯುಸಿಯಲ್ಲಿದ್ದಾಗ ತಾತ ತೀರಿಕೊಂಡ. ಆಮೇಲೆ ಹೇಳುವುದಾದರೂ ಯಾರಿಗೆ? ಐವತ್ತು ವರ್ಷ ನಾನು ಕುಂಚ ಮುಟ್ಟಲಿಲ್ಲ. ಹೋದ ವರ್ಷ ಅವ್ವ ತನ್ನ ಟ್ರಂಕು ಖಾಲಿ ಮಾಡುತ್ತಾ ಅಜ್ಜಿಯ ಆ ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. ಉಡಲು ಮನಸ್ಸು ಬರಲಿಲ್ಲ. ಕಾಲಡಿ ಕೆಂಪಿಲ್ಲದ ಅದೇ ಗಿಳಿಯನ್ನು ಒಂದೇ ಒಂದು ಸಲ ಸರಿಯಾಗಿ ಬರೆದು ತಾತನ ಫೋಟೋದ ಕೆಳಗಿಟ್ಟರೆ ನನ್ನ ತಪ್ಪು ತೀರಬಹುದು ಅನ್ನಿಸಿತು. ಬಣ್ಣದ ಪೆಟ್ಟಿಗೆ ಕೊಂಡದ್ದರ ನಿಜ ಕಾರಣ ಇದು. ಹುಲ್ಲುಗಾವಲೆಲ್ಲ ಕೈ ಪಳಗಿಸಿಕೊಳ್ಳಲು.

ಕೈ ಪಳಗಲಿಲ್ಲ. ತಾತನ ಮೂಲ ಹಾಳೆ ನೋಡಿ ಮನೆ ಎಣಿಸಿಕೊಂಡು ಬರೋಣ ಅಂತ ಹೋದ ತಿಂಗಳು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಗುಂಡುಗಲ್ಲಿನ ಗುಡ್ಡಗಳು ಕಾಣಿಸುವ ಹೊತ್ತಿಗೆ ಹಿಂದಿನ ಸೀಟಿನ ಮಾತು ಕನ್ನಡದಿಂದ ತೆಲುಗಿಗೆ ಹೊರಳಿತು. ಊರು ಬಂತು ಅಂತ ಅರ್ಥ. ಓಬಳಪ್ಪ ಮಾಮನಿಗೆ ಎಂಬತ್ತರ ಹತ್ತಿರ. ಮಗ್ಗ ಬಿಟ್ಟು ಬಹಳ ದಿನವಾಗಿದೆ, ಕಿವಿ ಮಾತ್ರ ಚುರುಕು. "ರಾ ತಲ್ಲೀ, ಬಾ ತಾಯೀ, ಕೂತ್ಕೋ" ಅಂತ ಚಾಪೆ ಹಾಸಿದ. ಹಾಳೆ ಕೇಳಿದರೆ, ಗೋಡೆಗೂಡಿನಿಂದ ಸುರುಳಿ ತೆಗೆದೇಬಿಟ್ಟ. ಅದೇ ಗಿಳಿ, ಅದೇ ಕೆಂಪು. ಐವತ್ತು ವರ್ಷದ ಮಾತು ಒಂದೇ ಉಸಿರಿಗೆ ಹೊರಬಂತು. "ಮಾಮ, ಈ ಕೆಂಪು ಚೆಲ್ಲಿದ್ದು ನಾನು. ತಾತ ತನ್ನ ಕೈ ತಪ್ಪಿತು ಅಂದ್ಕೊಂಡು ಕುಂಚ ಬಿಟ್ಟ."

ಮಾಮ ಕೆಮ್ಮು ಬರುವವರೆಗೂ ನಕ್ಕ. "ಅಯ್ಯೋ ತಲ್ಲೀ! ನಿಮ್ ತಾತಂಗೆ ಅಷ್ಟೊತ್ತಿಗೇ ಎರಡು ವರ್ಸ ಆಗಿತ್ತು ಕಣ್ಣಿಗೆ ಪೊರೆ ಬಂದು. ಕೆಂಪ್ಯಾವ್ದು ಹಸಿರ್ಯಾವ್ದು ತಿಳೀತಿರ್ಲಿಲ್ಲ."

"ಮತ್ತೆ ಡಿಸೈನ್ ಹೆಂಗೆ ಬರೀತಿದ್ದ?"

"ಗೀಟು ಕೈಗೆ ರೂಢಿಯಾಗಿತ್ತು. ಬಣ್ಣ ನಾನು ಹೋಗಿ ಹೇಳ್ತಿದ್ದೆ. ರಜೆದಾಗೆ ನೀನಿದ್ಯಲ್ಲ, ಕೇಳಿ ಕೇಳಿ ಹಾಕ್ತಿದ್ರು. ನಿಮ್ಮಜ್ಜಿಗೂ ಗೊತ್ತಿರ್ಲಿಲ್ಲ. ಆಮೇಲಾಮೇಲೆ ಗೀಟೂ ಕಾಣ್ದಂಗಾಯ್ತು, ಬಿಟ್ರು. ನಿನ್ನ ಕೆಂಪಿಂದ ಅಲ್ಲ ಬಿಡು."

ಇದ್ಯಾವ ಬಣ್ಣ ಹೇಳು ನೋಡಾಣ! ಅದು ಪರೀಕ್ಷೆಯಾಗಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ನಾನು ಹೇಳಿದ್ದನ್ನು ನಂಬಿ ಬಣ್ಣ ಹಾಕುತ್ತಿದ್ದ.

"ಹಾಗಾದ್ರೆ ಈ ಕೆಂಪು ಅವನಿಗೆ ಗೊತ್ತೇ ಆಗಲಿಲ್ಲವಾ?"

"ಗೊತ್ತಾಗ್ದೆ ಏನು? ಸಂಜೆ ನಾನೇ ಕೇಳ್ದೆ, 'ಇಲ್ಲಿ ಕೆಂಪು ಬಿದ್ದೈತ್ರಿ, ಬಿಟ್ಟು ಕಾರ್ಡು ಹೊಡೀಲಾ?' ಅಂತ. ಬೆರಳಿಟ್ಟು ಸವರಿದ್ರು. ನೆಂದ ಕಾಗದ ಉಬ್ಬುತ್ತಲ್ಲ. 'ಇಷ್ಟು ನೀರು ನಾನು ಹಾಕಲ್ಲ, ಇದು ಹುಡುಗಿ ಕೆಲ್ಸ. ಇದ್ದಂಗೇ ನೇಯಿ. ಅವ್ಳಿಗೆ ಹೇಳ್ಬೇಡ, ಹೆದರ್ಕಂತಾಳೆ' ಅಂದ್ರು. ಅಷ್ಟೇ. ನಾನು ಹೇಳ್ಲಿಲ್ಲ."

ಹೇಳಲಿಲ್ಲ ಅಂದರೆ ಐವತ್ತು ವರ್ಷ ಹೇಳಲಿಲ್ಲ! ನನಗೆ ಮೊದಲು ಸ್ವಲ್ಪ ಅವಮಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಮಹಾಪಾಪ ಒಂದು ಚಾಪೆಯ ಮೇಲೆ ಏನೂ ಅಲ್ಲದಂತೆ ಕರಗಿಹೋಗಿತ್ತು. ಆಮೇಲೆ ಹಾಳೆಯ ಮೇಲೆ ನಾನೂ ಬೆರಳಿಟ್ಟೆ. ಉಬ್ಬು ಇನ್ನೂ ಇತ್ತು, ಒಂದು ಅವರೆಕಾಳಿನಷ್ಟು. ಅಲ್ಲಿ ತಾತನ ಬೆರಳು ಓಡಾಡಿತ್ತು. ನಾನು ಅತ್ತುಬಿಟ್ಟೆ. ಮಾಮ ನೋಡದವನಂತೆ ಚಹಾ ತರಲು ಹೇಳಿದ. ಹೊರಡುವಾಗ ಆ ಹಾಳೆಯನ್ನು ನನ್ನ ಕೈಗೇ ಕೊಟ್ಟ.

ಈಗ ನಾನು ಚೌಕ ಹಾಕುವುದಿಲ್ಲ. ಕಾಗದ ಒದ್ದೆ ಮಾಡಿ, ಬಣ್ಣ ಬಿಟ್ಟು, ಎಲ್ಲಿಗೆ ಹೋಗುತ್ತದೋ ನೋಡುತ್ತೇನೆ. ಚಿತ್ರ ಸುಧಾರಿಸಿದೆ ಅಂತ ಹೇಳಲಾರೆ. ಹೋದ ವಾರದ ಮೋಡ ಕಂಬಳಿ ಒಗೆದು ಹಾಕಿದಂತಿತ್ತು. ಆದರೆ ಬೆಳಗಿನ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಂಗಡಿಯವನಿಗೂ ನಿಜ ಹೇಳಿದೆ. "ಗೊತ್ತಿತ್ತು ಬಿಡ್ರಿ ಮೇಡಂ, ಉಗುರಲ್ಲೆಲ್ಲ ಬಣ್ಣ ಐತಲ್ಲ" ಅಂದ.

ಮಧ್ಯಾಹ್ನದ ಹೊತ್ತಿಗೆ ಗಿಳಿ ಒಣಗಿತ್ತು. ಕಣ್ಣು ಮುಚ್ಚಿ ಅದರ ಕಾಲ ಬಳಿ ಬೆರಳಾಡಿಸಿದೆ, ಉಬ್ಬು ಸಿಕ್ಕಿತು. ಅಷ್ಟರಲ್ಲಿ ಊಟಕ್ಕೆ ಬಂದ ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಗಿಳಿ ಚೆನ್ನಾಗೈತೆ. ಕಾಲ ಹತ್ರ ಇದೇನೇ ಕೆಂಪಗೆ?"

"ಹಣ್ಣು ಕಣ್ರಿ" ಅಂದೆ. "ತಿಂದು ಉದುರಿಸೈತೆ."