ಅತ್ತೆ ಅರ್ಥ ಹೇಳಿದ ಇಂಗ್ಲಿಷ್ ಸಿನಿಮಾ

ಮೊನ್ನೆ ಭಾನುವಾರ ಮಧ್ಯಾಹ್ನ ಉಂಡು, ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ಮಗಳ ಲ್ಯಾಪ್‌ಟಾಪಿನಿಂದ ಪಿಯಾನೋ ಸದ್ದು ಕೇಳಿತು. ದಡಕ್ಕನೆ ಎದ್ದು ಕೂತೆ. ಕೆರೆ ದಂಡೆಯ ಬಿಳಿ ಮನೆ, ಹಲ್ಲು ಬಿದ್ದ ಹುಡುಗ, ಅವನ ಅಕ್ಕ, ಜೋಲುಕಿವಿಯ ನಾಯಿ. ಅಯ್ಯೋ, ಇದು ನಮ್ಮದೇ ಸಿನಿಮಾ! "ಕಥೆ ನನಗೆ ಬಾಯಿಪಾಠ, ಕೇಳು" ಎಂದು ಜಂಬದಲ್ಲಿ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಮಗಳು ನನ್ನ ಮುಖವನ್ನೇ ನೋಡತೊಡಗಿದಳು. "ಅಮ್ಮಾ, ಅವರು ಹೇಳ್ತಿರೋದು ಅದಲ್ಲವಲ್ಲ!"

ನಿಮಗೆ ಮೊದಲಿಂದ ಹೇಳದಿದ್ದರೆ ಗೊತ್ತಾಗುವುದಿಲ್ಲ. ಹಾಲಾಡಿಯ ನಮ್ಮ ಮನೆಗೆ ಕೇಬಲ್ ಬಂದ ಹೊಸತು. ರಜೆಯಲ್ಲಿ ಒಂದು ಇಂಗ್ಲಿಷ್ ಚಾನೆಲ್ಲಿನವರು ಟಿವಿಗೆಂದೇ ಮಾಡಿದ ಮಕ್ಕಳ ಸಿನಿಮಾಗಳನ್ನು ಹಾಕಿದ್ದನ್ನೇ ಹಾಕುತ್ತಿದ್ದರು. ಇಂಗ್ಲಿಷ್ ನಮಗ್ಯಾರಿಗೂ ಬಾರದು. ಆದರೆ ಅತ್ತೆ ಇದ್ದರಲ್ಲ! ಅಪ್ಪಯ್ಯನ ತಂಗಿ. ಮಾವನಿಗೆ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸ; ಅತ್ತೆ ಮಗ ರಘುವನ್ನು ಕರೆದುಕೊಂಡು ಬಂದು ನಮ್ಮಲ್ಲೇ ಉಳಿದಿದ್ದರು. ಬೊಂಬಾಯಿಯಲ್ಲಿ ಇದ್ದವರಿಗೆ ಇಂಗ್ಲಿಷ್ ಬಾರದೇ ಇರುತ್ತದೆಯೇ?

ತಾಳಮದ್ದಳೆಯಲ್ಲಿ ಎರಡು ಸಾಲಿನ ಪದ್ಯಕ್ಕೆ ಗಂಟೆಗಟ್ಟಲೆ ಅರ್ಥ ಹೇಳುವವರಿಲ್ಲವೇ, ಅತ್ತೆಯದೂ ಅದೇ ಧಾಟಿ. ಟಿವಿಯ ಸದ್ದು ಸಣ್ಣ ಮಾಡಿ, ಕಾಲು ನೀಡಿ ಕೂತರೆಂದರೆ ಮುಗಿಯಿತು. "ಇವ್ರ ಅಪ್ಪ ಬೊಂಬಾಯಿ ಹೋಟ್ಲಗ್ ಇಪ್ಪುದ್ ಮಕ್ಳೆ. ಭಾನುವಾರ ಮಾತ್ರ ರಜಿ, ಅದ್ಕೇ ಕಾರಗ್ ಬತ್ರ್."

ಸಿನಿಮಾದ ತಾಯಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ರಘು ಕೇಳಿದ, "ಅದ್ ಮರ್ಕುದ್ ಎಂತಕ್ಕೆ ಅಮ್ಮಾ?"

"ನೀರುಳ್ಳಿ ಕೊಚ್ಚಿರೆ ಕಣ್ಣಗ್ ನೀರ್ ಬತ್ತಿಲ್ಯಾ?"

"ನೀರುಳ್ಳಿ ಎಲ್ಲಿತ್ತ್?"

"ಪಾತ್ರಿ ಒಳ್ಗ್ ಇತ್ತ್. ಸುಮ್ನೆ ಕಾಣ್!"

ನಂಬಿದೆವು ಮಾರಾಯ್ರೇ. ಬೊಂಬಾಯಿಯ ಹತ್ತಿರವೇ ಆ ಸಿನಿಮಾದಲ್ಲಿದ್ದಂಥ ಹಿಮ ಬೀಳುವ ಊರಿದೆ ಎಂದು ಶಾಲೆಯಲ್ಲಿ ಮೇಷ್ಟ್ರ ಎದುರು ವಾದಿಸಿ ಬೆಂಚಿನ ಮೇಲೆ ನಿಂತವಳು ನಾನು. ಕೊನೆಗೆ ಆ ಅಪ್ಪ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. "ಬಂದ್ರ್ ಕಾಣಿ! ಇನ್ನ್ ಎಲ್ಲಿಗೂ ಹೋತಿಲ್ಲೆ. ಮುಗೀತ್, ಆಡುಕ್ ಹೋಯ್ನಿ" ಎಂದು ಅತ್ತೆ ಟಕ್ಕನೆ ಟಿವಿ ಆರಿಸುತ್ತಿದ್ದರು. ರಘು ಅಂಗಳದಲ್ಲಿ ಕುಣಿದಾಡುತ್ತಿದ್ದ. ಮಾವನಿಗೆ ಮಾತ್ರ ಯಾವ ವರ್ಷವೂ ರಜೆ ಸಿಗಲಿಲ್ಲ. ಬರಬರುತ್ತಾ ನಾವು ಕೇಳುವುದನ್ನೇ ಬಿಟ್ಟೆವು.

ಈಗ ನನಗೂ ಇಂಗ್ಲಿಷ್ ಬರುತ್ತದೆ; ಕಿವಿಗೊಟ್ಟು ನೋಡಿದೆ. ಹೋಟೆಲೂ ಇಲ್ಲ, ರಜೆಯೂ ಇಲ್ಲ. ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ. ಪೆಟ್ಟಿಗೆ ಹಿಡಿದು ನಿಂತವನು ಬಂದದ್ದಲ್ಲ, ಹೊರಟದ್ದು!

ಕೊನೆಯವರೆಗೂ ನೋಡಿ, ಹಿತ್ತಿಲ ಕಡೆ ಓಡಿದೆ. ಅತ್ತೆ ಈಗ ಬ್ರಹ್ಮಾವರದಲ್ಲಿ ರಘುವಿನ ಜೊತೆ ಇದ್ದಾರೆ; ನಾಲ್ಕು ದಿನ ಇದ್ದು ಹೋಗಲು ಕುಂದಾಪುರಕ್ಕೆ ನಮ್ಮಲ್ಲಿಗೆ ಬಂದಿದ್ದರು. ಹಿತ್ತಿಲ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು.

"ಅತ್ತೆ, ನಿಮ್ಗ್ ಇಂಗ್ಲೀಷ್ ಬತ್ತಿತ್ತಾ?"

"ನಂಗೆಲ್ಲಿ ಬತ್ತ್ ಹೆಣೆ! ಏಳ್ನೇ ಕ್ಲಾಸಿಗೆ ಶಾಲಿ ಬಿಟ್ಟದ್."

"ಹಂಗಾರೆ ಆ ಪೆಟ್ಟಿಗಿ ಹಿಡ್ಕಂಡವ ಬಂದ ಅಂತ ಹೇಳದ್ದ್ ಎಂತಕ್ಕೆ? ಅವ ಮನಿ ಬಿಟ್ಟ್ ಹೋಪುದ್!"

ಅತ್ತೆಯ ಕೈ ನಿಂತಿತು. "ಗೊತ್ತಿತ್ತ್" ಎಂದರು.

"ಹ್ಯಾಂಗೆ?"

"ಅದ್ಕ್ ಇಂಗ್ಲೀಷ್ ಬೇಕಾ? ಬೊಂಬಾಯಗ್ ನಿನ್ ಮಾವ ನಿಂತದ್ದೂ ಹಾಂಗೇ. ಮುಖ ನಮ್ ಬದಿಗ್, ಕಾಲ್ ಹೊರ್ಗ್. ಅದಾದ್ ಮೇಲೇ ನಾ ಹಾಲಾಡಿಗ್ ಬಂದದ್ದ್. ರಘು ಟಿವಿ ಎದ್ರ್ ಬಾಯಿ ಬಿಟ್ಕಂಡ್ ಕೂಕಂಡಿದ್ದ. ಆ ಗಂಡ್ ಮಗಿಗೆ ಎಂತ ಹೇಳುದ್ ನಾನ್?"

ಅಂದರೆ ಅತ್ತೆ ನಮ್ಮ ಮನೆಗೆ ಕಾಲಿಟ್ಟ ದಿನವೇ ಎಲ್ಲ ಮುಗಿದಿತ್ತು! ರಜೆ ಸಿಗದ ಮಾವನ ಕಥೆಯನ್ನೂ ಅತ್ತೆಯೇ ಕಟ್ಟಿ ಹೇಳಿದ್ದರು, ನಾವು ಮನೆ ಮಂದಿಯೆಲ್ಲ ಕೂತು ಕೇಳಿದ್ದೆವು. ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ, "ಅತ್ತೆ, ನೀವ್ ಟಿವಿ ಆರ್ಸಿದ್ ಮೇಲೂ ಸಿನಿಮಾ ಇತ್ತ್."

"ಇತ್ತಾ? ಎಂತ ಇತ್ತ್?"

"ಆ ಹೆಂಗ್ಸ್ ಬಾಗ್ಲ್ ಹಾಕಂಡ್ ಬಂದ್ ಮಕ್ಳಿಗೆ ದ್ವಾಸಿ ಹೊಯ್ತ್. ಮೊದಲ್ನೇದ್ ಕರ್ಚಿ ಕಪ್ಪಾಯಿ ಹೋತ್. ಮೂರೂ ಜನ ಬಿದ್ದ್ ಬಿದ್ದ್ ನಗಾಡ್ತ್ರ್."

"ಅವ ಹೋದ್ ದಿನವೇ?"

"ಹೌದ್, ಅದೇ ದಿನ."

ಅತ್ತೆ ಬಸಳೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದರು. "ಅಷ್ಟ್ ತೋರ್ಸ್ ಮಗಾ" ಎಂದು ನನ್ನ ಮಗಳ ಪಕ್ಕ ಕೂತರು. ಮಗಳು ಅರ್ಥ ಹೇಳಲು ಬಾಯಿ ತೆರೆದಳು. ಬೇಡ ಎಂದು ನಾನು ಕೈಸನ್ನೆ ಮಾಡಿದೆ. ಪರದೆಯ ಮೇಲೆ ಆ ತಾಯಿ ಮಕ್ಕಳನ್ನು ತಬ್ಬಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಳು. ಅತ್ತೆ ಕಣ್ಣು ಕದಲಿಸದೆ ನೋಡಿದರು.

"ಅಯ್ಯೋ ದೇವ್ರೇ" ಎಂದರು ಕೊನೆಗೆ. "ನಗಾಡುಕ್ ಆತ್ತ್ ಅಂತ ನಂಗ್ ಯಾರೂ ಹೇಳ್ಳೇ ಇಲ್ಲೆ."